ತೊಳೆಯದ ಚಿನ್ನದ ಬಾನಿ

ಮನೆಗಳಿಗಿಂತ ಮರಗಳೇ ಹೆಚ್ಚಿದ್ದ ಕಾಲದಲ್ಲಿ ಹಸುರುಗೋಡು ಎಂಬ ರಾಜ್ಯವಿತ್ತು. ಅದರ ರಾಜ ಉದಯಕೀರ್ತಿಗೆ ದೊಡ್ಡ ನಗರ ಕಟ್ಟುವ ಹುಚ್ಚು ಹಿಡಿಯಿತು. ಧೂಮಕೇಶಿ ಎಂಬ ಮಾಂತ್ರಿಕ ಅವನ ಕಿವಿ ಊದಿದ. ಕಾಡು ಕಡಿದರು, ಏಳು ಕೆರೆಗಳಲ್ಲಿ ಆರನ್ನು ಮುಚ್ಚಿದರು, ಮುಗಿಲು ಮುಟ್ಟುವ ಮನೆಗಳನ್ನು ಕಟ್ಟಿದರು. ಮರ ಕಡಿಯಬೇಡಿ ಎಂದು ಅಡ್ಡ ನಿಂತವರನ್ನೆಲ್ಲ ಧೂಮಕೇಶಿ ಹಕ್ಕಿಗಳನ್ನಾಗಿ ಮಾಡಿದ. ಅವರಲ್ಲಿ ಮೈಲಾರ ಎಂಬ ಕಟ್ಟಾಳು ಗೊರವಂಕವಾದ.

"ವರ್ಷ ತುಂಬುವ ದಿನ, ಹೊತ್ತು ಮುಳುಗುವ ಮೊದಲು, ನಿಮ್ಮವರ ಮುಖವನ್ನು ಕಣ್ಣಾರೆ ಕಂಡರೆ ಮತ್ತೆ ಮನುಷ್ಯರಾಗುತ್ತೀರಿ. ಇಲ್ಲವೋ, ಸಾಯುವ ತನಕ ಹಕ್ಕಿಗಳೇ!" ಎಂದು ಮಾಂತ್ರಿಕ ನಕ್ಕ.

ಕಾಡು ಕಳೆದುಕೊಂಡ ಹಕ್ಕಿಗಳೆಲ್ಲ ಹಸಿದು ನಗರಕ್ಕೆ ಬಂದವು. ರಾಜನಿಗೆ ಮನಸ್ಸು ಚುಚ್ಚಿತು. ಮಾಂತ್ರಿಕನ ಮಾತಿನಂತೆ ಊರ ನಡುವೆ ಒಂದು ಚಿನ್ನದ ಬಾನಿ ಇಡಿಸಿ, ದಿನವೂ ಕಾಳು ಸುರಿಸಿದ. ಅದಕ್ಕೊಂದು ಕಟ್ಟುಪಾಡು: ಬಾನಿಯನ್ನು ತೊಳೆಯಬಾರದು, ತೊಳೆದರೆ ಪುಣ್ಯ ಕೊಚ್ಚಿಹೋಗುತ್ತದೆ. ಹಳೆಯ ಕಾಳಿನ ಮೇಲೆ ಹೊಸ ಕಾಳು, ಹಿಕ್ಕೆಯ ಮೇಲೆ ಹಿಕ್ಕೆ. ಜನ ಅದಕ್ಕೇ ಕೈಮುಗಿದರು. ಎಂಥ ಭಕ್ತಿಯೋ! ಸಾವಿರ ಹಕ್ಕಿಗಳು ಒಂದರ ಮೇಲೊಂದು ಬಿದ್ದು ಅದರಲ್ಲೇ ತಿಂದವು. ಕೆಲವೇ ತಿಂಗಳಲ್ಲಿ ಅವುಗಳ ಕಣ್ಣು ಊದಿ, ಪಿಸರು ಕಟ್ಟಿ, ಮುಚ್ಚಿಕೊಂಡವು.

ಮೈಲಾರನಿಗೆ ಸಂಕವ್ವ ಎಂಬ ಅಕ್ಕ ಇದ್ದಳು. ಅರಮನೆಯಲ್ಲಿ ಪಾತ್ರೆ ತಿಕ್ಕುವವಳು. ವರ್ಷ ತುಂಬುವ ದಿನ ಬೆಳಿಗ್ಗೆ ಗೊರವಂಕ ತಡವರಿಸುತ್ತ ಬಂದು ಅವಳ ಮಡಿಲಿಗೆ ಬಿತ್ತು. ಅದಕ್ಕೆ ಎರಡು ಕಣ್ಣೂ ಕಾಣಿಸುತ್ತಿರಲಿಲ್ಲ. ಸಂಕವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದಿದ್ದ ಒಂದೇ ಕೆರೆಗೆ ಓಡಿದಳು. ಅಲ್ಲಿ ಒಂದು ಮಿಂಚುಳ್ಳಿ ಕೂತಿತ್ತು. ಅದರ ಕಣ್ಣು ಫಳಫಳ ಹೊಳೆಯುತ್ತಿತ್ತು.

"ನಿನಗೆ ಮಾತ್ರ ಯಾಕಪ್ಪ ರೋಗ ಇಲ್ಲ?" ಎಂದಳು ಸಂಕವ್ವ.

"ನಾನು ಮೀನು ತಿನ್ನೋನು ತಾಯಿ. ಆ ಬಾನಿ ಕಡೆ ತಲೆ ಹಾಕಿಲ್ಲ," ಎಂದಿತು ಮಿಂಚುಳ್ಳಿ.

ಸಂಕವ್ವನಿಗೆ ಎಲ್ಲವೂ ಹೊಳೆಯಿತು. ಒಂದು ಕೊಡ ಕೆರೆನೀರು, ಒಂದು ಬುಟ್ಟಿ ಬೂದಿ, ಹುಣಸೆಹಣ್ಣು, ತೆಂಗಿನ ನಾರು ತೆಗೆದುಕೊಂಡು ಹೊರಟಳು.

ಬಾನಿಯನ್ನು ಯಾರೂ ತೊಳೆಯದಂತೆ ಮಾಂತ್ರಿಕ ಅದರ ಸುತ್ತ ಮೂರು ಬಾಗಿಲಿನ ಕೋಟೆ ಕಟ್ಟಿಸಿದ್ದ. ಮೊದಲ ಬಾಗಿಲಲ್ಲಿ ಕಲ್ಲಾನೆ ಕಾವಲಿತ್ತು. "ತುಳಿದುಬಿಡ್ತೀನಿ!" ಎಂದು ಕಾಲೆತ್ತಿತು.

"ತುಳಿಯೋದು ಆಮೇಲೆ. ನಿನ್ನನ್ನು ಕೆತ್ತಿದ ಮೇಲೆ ಯಾರಾದರೂ ಮೈ ತೊಳೆದಿದ್ದಾರಾ?" ಎಂದು ಸಂಕವ್ವ ಅದರ ಕಿವಿಯ ಹಿಂದೆ ನಾರಿನಿಂದ ಉಜ್ಜಿದಳು. ಆನೆ ಸುಖಕ್ಕೆ ಕಣ್ಣು ಮುಚ್ಚಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ತಾಮ್ರದ ಹಾವು. ಮೈತುಂಬ ಹಸಿರು ಕಿಲುಬು ಹಿಡಿದು, ಆ ನವೆಗೇ ಅದು ಬೆಂಕಿ ಕಾರುತ್ತಿತ್ತು. ಸಂಕವ್ವ ಹುಣಸೆಹಣ್ಣು ಹಚ್ಚಿ ತಲೆಯಿಂದ ಬಾಲದವರೆಗೂ ಬೆಳಗಿದಳು. ಹಾವು ತನ್ನ ಹೊಳಪನ್ನು ತಾನೇ ನೋಡುತ್ತ ಸುರುಳಿ ಸುತ್ತಿ ಕೂತುಬಿಟ್ಟಿತು.

ಮೂರನೆಯ ಬಾಗಿಲಲ್ಲಿ ರಾಜ, ಮಾಂತ್ರಿಕ ಮತ್ತು ಇಡೀ ಊರೇ ನಿಂತಿತ್ತು. ಇದೇ ಎಲ್ಲಕ್ಕಿಂತ ಕಷ್ಟದ್ದು.

"ಪಾತ್ರೆ ತಿಕ್ಕುವವಳಿಗೆ ಪುಣ್ಯದ ವಿಚಾರ ಏನು ಗೊತ್ತು?" ಎಂದು ರಾಜ ಗದರಿದ.

"ಪುಣ್ಯದ ವಿಚಾರ ಗೊತ್ತಿಲ್ಲ ಬುದ್ಧಿ, ಎಂಜಲಿನ ವಿಚಾರ ಗೊತ್ತು. ಎಂಟು ವರ್ಷದಿಂದ ನಿಮ್ಮ ತಟ್ಟೆ ತಿಕ್ತಾ ಇದ್ದೀನಿ. ನಿನ್ನೆ ಉಂಡ ತಟ್ಟೆ ತೊಳೀದೆ ಇಟ್ಟರೆ ಇವತ್ತು ಉಣ್ತೀರಾ?"

ರಾಜ ಬಾನಿಯ ಕಡೆ ತಿರುಗಿ ನೋಡಿ ಮೂಗು ಮುಚ್ಚಿಕೊಂಡ. ಅವನು ಪಕ್ಕಕ್ಕೆ ಸರಿದ.

"ಇದನ್ನು ತೊಳೆದವಳೂ ಹಕ್ಕಿಯಾಗಲಿ!" ಎಂದು ಧೂಮಕೇಶಿ ಅರಚಿದ.

"ಆಗಲಿ ಬಿಡು. ತಮ್ಮನ ಜೊತೇಲಾದ್ರೂ ಇರ್ತೀನಿ," ಎಂದು ಸಂಕವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾನಿಗೆ ಇಳಿದಳು.

ತಿಕ್ಕಿದಳು. ಬೆರಳ ತುದಿಯಲ್ಲಿ ಗರಿ ಮೂಡಿತು. ಇನ್ನೂ ತಿಕ್ಕಿದಳು. ಮೊಣಕೈವರೆಗೂ ಗರಿ ಬಂತು. ಕೈಯಿಂದ ನಾರು ಜಾರುತ್ತಿದ್ದರೂ ಬಿಡದೆ ತಿಕ್ಕಿದಳು. ಬಾನಿಯ ತಳದಲ್ಲಿ ಕರಿಯ ಜಿಡ್ಡೊಂದು ಮಿಡಿಯುತ್ತಿತ್ತು. ಧೂಮಕೇಶಿಯ ಪ್ರಾಣ ಇದ್ದದ್ದು ಅದರಲ್ಲೇ! ಸಂಕವ್ವ ಒಂದು ಹಿಡಿ ಬೂದಿ ಹಾಕಿ ಗಸಗಸ ಉಜ್ಜಿದಳು. ಮಾಂತ್ರಿಕ ಕೂಗುತ್ತಲೇ ಹೊಗೆಯಾಗಿ ಹೋದ. ಅವಳ ಕೈಯ ಗರಿಗಳು ಉದುರಿದವು.

ಸೂರ್ಯ ಇಳಿಯುತ್ತಿದ್ದ. "ನೋಡ್ತಾ ನಿಂತಿದ್ದೀರಲ್ಲಾ, ಬನ್ರೋ!" ಎಂದು ಸಂಕವ್ವ ಕೂಗಿದಳು. ಊರಿನವರೆಲ್ಲ ಓಡಿ ಬಂದು, ಒಂದೊಂದು ಹಕ್ಕಿ ಹಿಡಿದು, ಕೆರೆನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸಿದರು. ಸಂಕವ್ವನೂ ಸೆರಗು ಬಿಚ್ಚಿ ಗೊರವಂಕದ ಕಣ್ಣು ಒರೆಸಿದಳು. ಅದು ಒಂದು ಕಣ್ಣು ಬಿಟ್ಟಿತು. ಇನ್ನೊಂದನ್ನೂ ಬಿಟ್ಟಿತು. ಅಕ್ಕನ ಮುಖವನ್ನು ಕಣ್ತುಂಬ ನೋಡಿತು.

"ಅಕ್ಕಾ, ನಿನ್ನ ಕೈಯೆಲ್ಲ ಹುಣಸೆಹಣ್ಣಿನ ವಾಸನೆ," ಎಂದ ಮೈಲಾರ. ಸಂಕವ್ವ ಅವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಸುತ್ತಲೂ ಹಕ್ಕಿಗಳು ಮಕ್ಕಳಾಗಿ, ಗಂಡಂದಿರಾಗಿ, ತಾಯಂದಿರಾಗಿ ತಮ್ಮವರ ತೋಳು ಸೇರಿದವು. ಹಕ್ಕಿಗಳಾಗಿಯೇ ಹುಟ್ಟಿದ್ದವು ಕಣ್ಣು ತೆರೆದು ಆಕಾಶಕ್ಕೆ ಹಾರಿದವು. ಊರೆಲ್ಲ ಕೇಕೆ ಹಾಕಿತು.

ಆಮೇಲೆ ಚಿನ್ನದ ಬಾನಿಯನ್ನು ಕರಗಿಸಿ, ಆ ಚಿನ್ನ ಮಾರಿದ ಹಣದಲ್ಲೇ ಆರು ಕೆರೆಗಳನ್ನು ಮತ್ತೆ ತೋಡಿಸಿದರು. ದಡದ ತುಂಬ ಮರ ನೆಟ್ಟರು. ಅವು ಹಣ್ಣು ಬಿಡುವವರೆಗೆ ಹಕ್ಕಿಗಳಿಗೆ ಮನೆಮನೆಯ ಮಾಳಿಗೆಯಲ್ಲಿ ಒಂದೊಂದು ಪುಟ್ಟ ಬೋಗುಣಿಯಿತ್ತು, ಒಂದು ಹಿಡಿ ಕಾಳಿತ್ತು. ಹಕ್ಕಿಗಳೂ ಸುಖವಾಗಿದ್ದವು, ಜನರೂ ಸುಖವಾಗಿದ್ದರು.

ರಾಜನ ಮಾಳಿಗೆಯ ಬೋಗುಣಿಯನ್ನು ರಾಜನೇ ದಿನವೂ ತೊಳೆಯಬೇಕಾಗಿತ್ತು. ಸಂಕವ್ವ ಅದನ್ನು ಬಿಸಿಲಿಗೆ ಹಿಡಿದು, ಒಳಗೆ ಬೆರಳಾಡಿಸಿ, ಪ್ರತಿ ಬೆಳಿಗ್ಗೆಯೂ ಒಂದೇ ಮಾತು ಹೇಳುತ್ತಿದ್ದಳು:

"ಇನ್ನೊಂದು ಸಲ ತಿಕ್ಕಿ, ಬುದ್ಧಿ."