ಏಳು ಹರದಾರಿ ರೈಲು ಮತ್ತು ಟೊಳ್ಳು ದಿಮ್ಮಿ

ಸಣ್ಣೀರಿಗೆ ಒಂದು ಅಭ್ಯಾಸ. ಮರದ ದಿಮ್ಮಿಯನ್ನು ರೈಲಿಗೆ ಏರಿಸುವ ಮೊದಲು ಮೂರು ಸಲ ತಟ್ಟಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೇಳುವುದು. ಮನುಷ್ಯರ ಎದುರು ಬಾಯಿ ಬಿಡದ ಹುಡುಗಿ, ದಿಮ್ಮಿಗಳ ಹತ್ತಿರ ಚೆನ್ನಾಗಿಯೇ ಮಾತಾಡುತ್ತಿದ್ದಳು.

ಇದು ಬಹಳ ಹಿಂದೆ, ಮುಗಿಲ್ದುರ್ಗವೆಂಬ ರಾಜ್ಯದಲ್ಲಿ ನಡೆದದ್ದು. ಅಲ್ಲಿನ ರಾಜನ ಮುತ್ತಜ್ಜ ದಿಮ್ಮಿ ಸಾಗಿಸಲೆಂದು ಕಾಡಿನಿಂದ ಸಮುದ್ರದವರೆಗೆ ರೈಲು ಹಾಕಿಸಲು ಹೊರಟ. ಏಳು ಹರದಾರಿಗೇ ಕಬ್ಬಿಣ ಮುಗಿಯಿತು. ಮುಗಿದಲ್ಲೇ ನಿಲ್ದಾಣ ಕಟ್ಟಿ, "ನಾನು ಅಂದ್ಕೊಂಡಿದ್ದೂ ಇಷ್ಟೇ" ಎಂದ. ಅಂದಿನಿಂದ ಗುಂಡಕ್ಕನೆಂಬ ಎಂಜಿನ್ನು ಸೌದೆ ತಿನ್ನುತ್ತಾ, ಮಂಡಿನೋವೆಂದು ಗೊಣಗುತ್ತಾ ಓಡಾಡುತ್ತಿದ್ದಳು. ದಿಮ್ಮಿ ಏರಿಸಿ ಅವಳನ್ನು ಓಡಿಸುವ ಕೆಲಸ ಸಣ್ಣೀರಿಯದು.

ಆ ಕಾಡಿಗೊಂದು ಕಟ್ಟಳೆಯಿತ್ತು. ತಟ್ಟಿ ಕೇಳಿದವರಿಗೆ ಒಳಗಿನವರು ಏನು ಹೇಳಿದರೂ ಅದು ನಿಜವಾಗಲೇಬೇಕು. "ನಾಳೆ ಖಾಲಿ ಮಾಡ್ತೀನಿ" ಎಂದ ಅಳಿಲು, ಮನಸ್ಸಿಲ್ಲದಿದ್ದರೂ ಮರುದಿನ ಮಕ್ಕಳುಮರಿ ಕಟ್ಟಿಕೊಂಡು ಹೊರಡುತ್ತಿತ್ತು.

ಮುನ್ನೂರು ವರ್ಷದ ಮಾಂತ್ರಿಕ ಧೂಮ್ರಜಟನಿಗೆ ಈ ರೈಲು ಕಂಡರಾಗದು. ಹಿಂದೆಲ್ಲ ದಿಮ್ಮಿಗಳನ್ನು ಮಂತ್ರ ಹಾಕಿ ಹಾರಿಸುತ್ತಿದ್ದವನು ಅವನೇ. ಅರ್ಧ ದಿಮ್ಮಿಗಳು ಊರವರ ಹೆಂಚಿನ ಮೇಲೆ ಬೀಳುತ್ತಿದ್ದವು, ಆ ಮಾತು ಬೇರೆ. ಅವನು ರಾಜನ ಕಿವಿ ಊದಿದ.

"ರೈಲು ಅಪಶಕುನ, ಪ್ರಭು. ಮೂರು ದಿನ ಪರೀಕ್ಷೆ ಮಾಡಿ. ಒಂದು ದಿನ ದಿಮ್ಮಿ ತಲುಪದಿದ್ದರೂ ಎಂಜಿನ್ ಕರಗಿಸಿ ತಮಗೆ ಉಗುಳಲೊಂದು ಪೀಕದಾನಿ ಮಾಡಿಸೋಣ."

ರಾಜನ ಬಾಯಿ ತುಂಬ ಎಲೆಯಡಿಕೆ. ತಲೆಯಾಡಿಸಿದ.

"ಪೀಕದಾನಿಯಂತೆ! ಈ ವಯಸ್ಸಲ್ಲಿ!" ಗುಂಡಕ್ಕ ಬುಸುಗುಟ್ಟಿದಳು. ಸಣ್ಣೀರಿಗೆ ಅಳುವೇ ಬಂತು. ಅವಳಿಗಿದ್ದ ಗೆಳತಿ ಗುಂಡಕ್ಕ ಒಬ್ಬಳೇ.

ಮೊದಲ ದಿನ ಮಾಂತ್ರಿಕ ಇಳಿಜಾರನ್ನೆಲ್ಲ ಏರು ಮಾಡಿದ. ಸಣ್ಣೀರಿ ರೈಲನ್ನು ಹಿಂದುಮುಂದಾಗಿ ಓಡಿಸಿದಳು. ಇವರು ಹೋಗುತ್ತಿದ್ದಾರೋ ಬರುತ್ತಿದ್ದಾರೋ ತಿಳಿಯದೆ ಗುಡ್ಡ ತಬ್ಬಿಬ್ಬಾಗಿ ಮಟ್ಟಸವಾಗಿ ಮಲಗಿತು.

ಎರಡನೆಯ ದಿನ ಹಳಿ ಕಿತ್ತು, ಆ ಜಾಗದಲ್ಲಿ ಎರಡು ಹೆಬ್ಬಾವುಗಳನ್ನು ಮಲಗಿಸಿದ.

"ಸಣ್ಣೀ, ಹಳಿ ಆಕಳಿಸ್ತಿದೆ ಕಣೇ" ಎಂದಳು ಗುಂಡಕ್ಕ.

ಸಣ್ಣೀರಿ ಇಳಿದು ಬಗ್ಗಿದಳು. "ಅಣ್ಣಂದಿರಾ, ಭಾರ ತಡೀತೀರಾ?"

"ಬೆನ್ನು ಹಿಡ್ಕೊಂಡಿದೆ ತಂಗಿ, ನಿಧಾನಕ್ಕೆ ತುಳೀರಿ."

ಗುಂಡಕ್ಕ ಮೆಲ್ಲಗೆ ದಾಟಿದಳು. "ಆಹಾ! ಇನ್ನೂ ಸ್ವಲ್ಪ ಎಡಕ್ಕೆ!" ಎಂದವು ಹೆಬ್ಬಾವುಗಳು.

ಮೂರನೆಯ ದಿನ ಮಾಂತ್ರಿಕ ತಾನೇ ಒಂದು ಟೊಳ್ಳು ದಿಮ್ಮಿಯೊಳಗೆ ಹೊಕ್ಕು ಕೂತ. ಸೇತುವೆಯ ಮೇಲೆ ಬೆಟ್ಟದಷ್ಟು ಊದಿಕೊಂಡು ರೈಲನ್ನೇ ಹೊಳೆಗೆ ಕೆಡವುವ ಸಂಚು. ಕಾಡಿನ ಕಟ್ಟಳೆ ಅವನಿಗೆ ಗೊತ್ತಿರಲಿಲ್ಲ. ಮುನ್ನೂರು ವರ್ಷದಲ್ಲಿ ಅವನು ಒಂದು ದಿಮ್ಮಿಯನ್ನಾದರೂ ತಟ್ಟಿ ಕೇಳಿದ್ದರೆ ತಾನೆ?

ಟಕ್, ಟಕ್, ಟಕ್. "ಒಳಗೆ ಯಾರಾದ್ರೂ ಇದ್ದೀರಾ?"

ಮಾಂತ್ರಿಕ ಗಾಬರಿಬಿದ್ದು, "ಯಾರೂ ಇಲ್ಲ!" ಎಂದ.

ಅಷ್ಟೇ. ಯಾರೂ ಇಲ್ಲವಾದರು. ಆ ಮಾತಾಡಿದ ದನಿಯೊಂದನ್ನು ಬಿಟ್ಟು ಉಳಿದ ಧೂಮ್ರಜಟನೆಲ್ಲ ಮಾಯ.

ದಿಮ್ಮಿ ತಲುಪಿತು. ರಾಜ ಎಂದಿನಂತೆ ಕಿಟಕಿಯಾಚೆ ಉಗಿದು, ರೈಲು ಓಡಲಿ ಎಂದ. ಹೆಬ್ಬಾವುಗಳ ಬೆನ್ನು ನೆಟ್ಟಗಾಯಿತು, ಗುಂಡಕ್ಕನ ಮಂಡಿಗೆ ದಿನಾ ಎಳ್ಳೆಣ್ಣೆ ಸಿಕ್ಕಿತು, ಊರವರ ಹೆಂಚು ಉಳಿಯಿತು. ಟೊಳ್ಳು ದಿಮ್ಮಿಯನ್ನು ನಿಲ್ದಾಣದಲ್ಲಿ ಬೆಂಚಾಗಿ ಹಾಕಿದರು. ಸಣ್ಣೀರಿ ಅದರ ಮೇಲೆ ಕಾಲಾಡಿಸುತ್ತಾ ರೊಟ್ಟಿ ತಿನ್ನುವಾಗ, ಒಳಗಿನಿಂದ ಸಣ್ಣಗೆ ಕೇಳುತ್ತಿತ್ತು:

"ತಾಯೀ, ಇನ್ನೊಂದೇ ಒಂದು ಸಲ ತಟ್ಟಿ ಕೇಳಮ್ಮಾ. ಈ ಸಲ ಸರಿಯಾಗಿ ಹೇಳ್ತೀನಿ."