ಹೊಸಹಟ್ಟಿಯ ಉಸಿರೊಲೆ

ಒಲೆಯ ಮುಚ್ಚಳ ಮೇಲೆದ್ದ ಕೂಡಲೇ ಇಡೀ ಕೊಠಡಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಸಾವಿರದ ನಾನೂರು ಡಿಗ್ರಿ ಶಾಖದಲ್ಲಿ ಚಂದ್ರನ ಮಣ್ಣು ಬೆಲ್ಲದ ಪಾಕದ ಹಾಗೆ ಕೊತಕೊತ ಕುದಿಯುತ್ತಿತ್ತು. ಯಂತ್ರದ ಕೈ ಆ ಪಾಕದೊಳಗಿಂದ ಒಂದು ಸಲಾಕೆಯನ್ನು ಮೆಲ್ಲಗೆ ಮೇಲೆತ್ತಿ ಹಿಡಿಯಿತು. ಹುಲಿಗೆಮ್ಮ ಉಸಿರು ಬಿಗಿಹಿಡಿದು ಅಳತೆಯ ಪರದೆ ನೋಡಿದಳು. ನಲವತ್ತು ದಿನ ಬೆಂಕಿಯಲ್ಲಿ ನಿಂತ ಸಲಾಕೆ ಸವೆದದ್ದೆಷ್ಟು? ಕೂದಲಿನ ದಪ್ಪದಷ್ಟೂ ಇಲ್ಲ!

“ಲೇ ಮೌನೇಶ, ನನ್ನ ಕಣ್ಣು ಸರಿ ಅದಾವೇನ್ ಹೇಳು.”

“ಕಣ್ಣು ಸರಿ ಅದಾವ ಅಕ್ಕಾರ. ಸಲಾಕಿನೂ ಸರಿ ಐತಿ, ಒಲಿನೂ ಸರಿ ಐತಿ. ನಾನೊಬ್ಬಾಂವ ಸರಿ ಇಲ್ಲ. ನಲವತ್ತು ದಿನ ಬಾಯಿ ಮುಚ್ಕೊಂಡು ಹ್ಯಾಂಗಿದ್ದೆ ಅನ್ನೂದು ನನಗ ಗೊತ್ತಿಲ್ಲ!”

ಒಲೆಯ ಮೇಸ್ತ್ರಿ ಮೌನೇಶನಿಗೆ ಆ ಹೆಸರಿಟ್ಟವರು ಯಾರೋ, ಮಗು ತೊಟ್ಟಿಲಲ್ಲಿ ನಿದ್ದೆ ಮಾಡುವಾಗ ಇಟ್ಟಿರಬೇಕು. ಎದ್ದರೆ ಮಾತು, ಕೂತರೆ ಮಾತು. ಅಂಥವನೇ ಗುಟ್ಟು ಕಾಪಾಡಿದ್ದನೆಂದರೆ ಆ ಗುಟ್ಟು ಎಂಥದ್ದೆಂದು ನೀವೇ ಲೆಕ್ಕ ಹಾಕಿ. ಹುಲಿಗೆಮ್ಮ ಅವನ ಬೆನ್ನಿಗೊಂದು ಗುದ್ದಿದಳು. ಚಂದ್ರನ ಮೇಲೆ ಎಲ್ಲದರ ತೂಕವೂ ಭೂಮಿಯ ಆರನೇ ಒಂದು ಪಾಲು. ಗುದ್ದಿಸಿಕೊಂಡವನು ಎರಡು ಮಾರು ದೂರ ತೇಲಿಹೋಗಿ ನಿಂತು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂದಿದ್ದೂ ಗೊತ್ತಾಗಲಿಲ್ಲ.

ಹುಲಿಗೆಮ್ಮ ಲೋಹವಿಜ್ಞಾನಿ. ಹೊಸಹಟ್ಟಿಯ ಉಸಿರೊಲೆ ಅವಳ ಸುಪರ್ದಿಯಲ್ಲಿತ್ತು. ಚಂದ್ರನಲ್ಲಿ ಗಾಳಿ ಇಲ್ಲ, ನಿಜ. ಆದರೆ ಅಲ್ಲಿನ ಮಣ್ಣಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಮ್ಲಜನಕವೇ ಇದೆ. ಕಬ್ಬಿಣ, ಸಿಲಿಕಾನ್‌ಗಳ ಜೊತೆ ಗಂಟುಬಿದ್ದು ಕೂತಿದೆ. ಮಣ್ಣನ್ನು ಕರಗಿಸಿ, ಎರಡು ಸಲಾಕೆ ಇಳಿಬಿಟ್ಟು ವಿದ್ಯುತ್ ಹರಿಸಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಲೋಹ ತಳಕ್ಕಿಳಿಯುತ್ತದೆ, ಆಮ್ಲಜನಕ ಒಂದು ಸಲಾಕೆಯ ಸುತ್ತ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಅದನ್ನು ಹಿಡಿದು ಊರಿಗೆಲ್ಲ ಹಂಚುವುದು. ತೊಡಕೆಲ್ಲ ಆ ಸಲಾಕೆಯದ್ದೇ. ಅಷ್ಟು ಶಾಖದಲ್ಲಿ ಬಿಸಿ ಆಮ್ಲಜನಕ ಎಂಥ ಲೋಹವನ್ನೂ ತಿಂದುಹಾಕುತ್ತದೆ. ತಡೆದುಕೊಳ್ಳುವುದು ಇರಿಡಿಯಮ್ ಎಂಬ ಅಪರೂಪದ ಲೋಹ ಮಾತ್ರ, ಅದೂ ಒಂದು ವರ್ಷ. ಇರಿಡಿಯಮ್ ಬರುತ್ತಿದ್ದದ್ದು ಭೂಮಿಯಿಂದ, ಅಲ್ಲೇ ಕೂತು ಚಂದ್ರನ ಊರುಗಳನ್ನು ಆಳುವ ಚಂದ್ರ ನಿಗಮದ ಮೊಹರು ಹಾಕಿಕೊಂಡು. ಅಂದರೆ ಊರಿನ ಉಸಿರಿನ ಕೀಲಿಕೈ ನಿಗಮದ ಜೇಬಿನಲ್ಲಿತ್ತು.

ಹೊಸಹಟ್ಟಿ ಹುಟ್ಟಿದ್ದು ಮೂವತ್ತೆರಡು ವರ್ಷದ ಹಿಂದೆ. ರಾಯಚೂರು ಸೀಮೆಯ ಚಿನ್ನದ ಗಣಿಗಳಲ್ಲಿ ಪಳಗಿದ ನೂರ ಹನ್ನೊಂದು ಜನ ಮೂರು ವರ್ಷದ ಕರಾರಿಗೆ ಸಹಿ ಹಾಕಿ ಬಂದಿದ್ದರು. ಮೂರು ಆರಾಯಿತು. ಹೆಂಡಂದಿರು ಬಂದರು, ಗಂಡಂದಿರು ಬಂದರು, ಮಕ್ಕಳಾದವು, ಶಾಲೆಯಾಯಿತು, ಪಂಚಾಯ್ತಿಯಾಯಿತು. ದಿಗಂತದಲ್ಲಿ ಗುಡ್ಡಕ್ಕೆ ಆತುಕೊಂಡು ಕಾಣುವ ಭೂಮಿಯನ್ನು ಹಿರಿಯರು ತವರು ಎನ್ನುತ್ತಿದ್ದರು. ಇಲ್ಲೇ ಹುಟ್ಟಿದ ಹುಡುಗರಿಗೆ ಅದು ನೀಲಿ ಬಣ್ಣದ ಒಂದು ಗುಂಡು, ಅಷ್ಟೆ.

ಸ್ವಾತಂತ್ರ್ಯದ ಮಾತು ಮೊದಲಿಗೆ ಯಾರ ಬಾಯಲ್ಲೂ ಇರಲಿಲ್ಲ. ತವರಿನ ಮೇಲೆ ಯಾರಾದರೂ ತಿರುಗಿಬೀಳುತ್ತಾರೆಯೇ? ಅವರು ಕೇಳಿದ್ದು ನಿಗಮದ ಸಭೆಯಲ್ಲಿ ಒಂದು ಕುರ್ಚಿ. ನಮ್ಮ ವಿಷಯ ತೀರ್ಮಾನ ಮಾಡುವಾಗ ನಮ್ಮವರೊಬ್ಬರು ಇರಲಿ ಎಂದು ವರ್ಷಕ್ಕೆರಡರಂತೆ ಹದಿನೈದು ವರ್ಷ ಪತ್ರ ಬರೆದರು. ಪ್ರತಿಸಲವೂ ಬಂದದ್ದು ಒಂದೇ ಉತ್ತರ: ಮನವಿ ಪರಿಶೀಲನೆಯಲ್ಲಿದೆ. ಆಮೇಲೆ ಕೇಳದೆಯೇ ಒಂದು ಕಾನೂನು ಬಂತು. ಒಲೆಯ ಉಸಿರು ಆರುನೂರ ಹನ್ನೆರಡು ಜನಕ್ಕೆ ಮಾತ್ರ. ಅದಕ್ಕಿಂತ ಹೆಚ್ಚಿಗೆ ಮಗು ಹುಟ್ಟಬೇಕಿದ್ದರೆ ನಿಗಮದ ಅನುಮತಿ ಬೇಕು. ಅನುಮತಿ ಇಲ್ಲದ ಬಸುರಿ ಭೂಮಿಗೆ ಹೋಗಿ ಹೆರಬೇಕು.

ಹುಲಿಗೆಮ್ಮನ ಮಗಳು ಅಂಬಿಕಾ ಈಗ ಏಳು ತಿಂಗಳ ಬಸುರಿ. ಅನುಮತಿ ಸಿಕ್ಕಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದೆಲ್ಲ ಚಂದ್ರನಲ್ಲಿ. ಅವಳ ಎಳಸು ಮೂಳೆಗಳು ಭೂಮಿಯ ಭಾರ ಹೊರಲಾರವು. ಒಮ್ಮೆ ಹೋದರೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಊರಿನ ವೈದ್ಯರು ಬರೆದುಕೊಟ್ಟಿದ್ದರು. ಆ ಕಾಗದವೂ ಪರಿಶೀಲನೆಯಲ್ಲಿತ್ತು. ಅವಳನ್ನು ಕರೆದೊಯ್ಯುವ ನೌಕೆ ನಾಳೆ ಬರುವುದಿತ್ತು.

ಇಂಥ ಸಂಕಟದ ನಡುವೆ ಸಿಕ್ಕ ಸಲಾಕೆ ಅದು. ಯಾವ ಪ್ರಯೋಗಶಾಲೆಯ ಜಾಣರಿಗೂ ಹೊಳೆಯದ್ದು ಹೊಸಹಟ್ಟಿಯವರ ಒಂದು ಎಡವಟ್ಟಿನಿಂದ ಸಿಕ್ಕಿತ್ತು. ಅಂಥ ಎಡವಟ್ಟು ಮಾಡಲು ಗಣಿಯವರೇ ಆಗಬೇಕು. ಆಯುಧ ಪೂಜೆಯ ದಿನ ಗಣಿಯ ಹತಾರಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿ, ಕೆಲಸ ನಿಲ್ಲಿಸಿ ಕೈಮುಗಿಯುವುದು ಅವರ ಅಜ್ಜಂದಿರ ಕಾಲದ ಪದ್ಧತಿ. ಒಲೆಗೂ ಪೂಜೆಯಾಗಬೇಕಲ್ಲ! ಆದರೆ ನಿಗಮದ ಇರಿಡಿಯಮ್ಮಿಗೆ ಕುಂಕುಮ ಸೋಕುವಂತಿಲ್ಲ. ಹಾಗಾಗಿ ಈ ಸಲದ ಪೂಜೆಗೆ ಹುಲಿಗೆಮ್ಮ ಅದನ್ನು ಬಿಚ್ಚಿ ಒರೆಸಿ ಪೆಟ್ಟಿಗೆಯಲ್ಲಿಡಿಸಿದ್ದಳು. ಬರಿದಾದ ಒಲೆಗೆ ಆರತಿ ಎತ್ತುವುದು ಹೇಗೆಂದು ಮೌನೇಶ ಒಂದು ಹಳೆಯ ಡ್ರಿಲ್ ಸಲಾಕೆಯನ್ನು ಆ ಜಾಗಕ್ಕೆ ತೂರಿಸಿ, ಹಸಿರುಮನೆಯ ಚೆಂಡುಹೂವಿನ ಮಾಲೆ ಹಾಕಿದ್ದ. ಮಾರನೆಯ ದಿನ ಮಾಲೆ ತೆಗೆದವರು ಸಲಾಕೆ ತೆಗೆಯುವುದನ್ನು ಮರೆತರು. ಒಲೆ ಹೊತ್ತಿತು.

ಹನ್ನೊಂದು ತಾಸಿನ ಮೇಲೆ ಇರಿಡಿಯಮ್ ಪೆಟ್ಟಿಗೆಯಲ್ಲೇ ಇರುವುದನ್ನು ಕಂಡು ಹುಲಿಗೆಮ್ಮ ಚೀರಿದ ಚೀರಾಟಕ್ಕೆ ಮೌನೇಶ ಊಟದ ತಟ್ಟೆ ಬಿಟ್ಟು ಓಡಿಬಂದಿದ್ದ. ಒಲೆ ಕೆಟ್ಟಿತು, ಊರು ಮುಳುಗಿತು ಅಂದುಕೊಂಡು ಮಾಪಕ ನೋಡಿದರೆ ಆಮ್ಲಜನಕ ಜುಳುಜುಳು ಹರಿಯುತ್ತಿದೆ! ಆ ಸಲಾಕೆಯನ್ನು ಮೌನೇಶನೇ ಒಲೆಯ ತಳದ ಕಬ್ಬಿಣದಿಂದ ಎರಕ ಹೊಯ್ದಿದ್ದ. ಗಡಸಾಗಲೆಂದು ಇಲ್ಲಿಯ ಕರಿಮಣ್ಣಿನ ಕ್ರೋಮಿಯಮ್ ಬೆರೆಸಿದ್ದ. ಕಾದ ಕ್ರೋಮಿಯಮ್ ತನ್ನ ಮೈಮೇಲೆ ತೆಳುವಾದ ತುಕ್ಕಿನ ಪದರ ಕಟ್ಟಿಕೊಂಡಿತ್ತು. ಆ ತುಕ್ಕು ವಿದ್ಯುತ್ತನ್ನು ಬಿಟ್ಟುಕೊಡುತ್ತದೆ, ಆಮ್ಲಜನಕವನ್ನು ಒಳಗೆ ಬಿಡುವುದಿಲ್ಲ. ಗಣಿಯವರು ಜನ್ಮವಿಡೀ ಬೈದು ಉಜ್ಜಿ ತೆಗೆಯುವ ತುಕ್ಕೇ ಊರು ಕಾಯಲು ನಿಂತಿತ್ತು. ನಿಗಮದ ಕಿವಿಗೆ ಬೀಳದಿರಲೆಂದು ಇಬ್ಬರೂ ಯಾರಿಗೂ ಹೇಳದೆ ಸಲಾಕೆಯನ್ನು ಅಲ್ಲೇ ಬಿಟ್ಟಿದ್ದರು.

ಸಲಾಕೆಯ ಅಳತೆ ನೋಡಿದ ಮರುದಿನ ನಿಗಮದ ಅಧಿಕಾರಿ ಬಾಳಿಗರು ನೌಕೆಯಿಂದಿಳಿದರು. ಮೆತ್ತಗಿನ ಮನುಷ್ಯ, ಕೆಟ್ಟವರಲ್ಲ. ಕೆಟ್ಟ ಕಾಗದ ಹಿಡಿದು ಬಂದಿದ್ದರು. ಒಲೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಅಂಬಿಕಾ ತಾಯಿಯ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಹುಲಿಗೆಮ್ಮನವರೇ, ನನಗೂ ಹೆಣ್ಣುಮಕ್ಕಳಿದ್ದಾರೆ,” ಎಂದರು ಬಾಳಿಗರು. “ಆದರೆ ಆದೇಶ ಸ್ಪಷ್ಟವಾಗಿದೆ. ಇವರು ನನ್ನ ಜೊತೆ ಹೊರಡಬೇಕು. ಪಂಚಾಯ್ತಿ ಒಪ್ಪದಿದ್ದರೆ ನಿಗಮದ ಸಲಾಕೆಗಳನ್ನು ವಾಪಸು ತೆಗೆದುಕೊಂಡು ಹೋಗಬೇಕು. ನಿಮ್ಮಲ್ಲಿ ಕೂಡಿಟ್ಟ ಗಾಳಿ ನಾಲ್ಕು ದಿನಕ್ಕಷ್ಟೇ ಸಾಕಾಗುತ್ತದೆ. ದಯವಿಟ್ಟು ಆ ಪ್ರಸಂಗ ತಂದುಕೊಳ್ಳಬೇಡಿ.”

“ಒಯ್ಯಿರಿ,” ಅಂದಳು ಹುಲಿಗೆಮ್ಮ.

“ಮಗಳನ್ನೇ?”

“ಸಲಾಕಿ. ಮೌನೇಶ, ಸಾಹೇಬ್ರಿಗೆ ಪೆಟಗಿ ತಂದು ಕೊಡು.”

ಮೌನೇಶ ಮೂರು ಪೆಟ್ಟಿಗೆಗಳನ್ನು ತಂದು ಮದುವೆ ಮನೆಯಲ್ಲಿ ತಾಂಬೂಲ ಇಡುವ ಹಾಗೆ ಸಾಲಾಗಿ ಇಟ್ಟ. ಬಾಳಿಗರು ಮುಚ್ಚಳ ತೆರೆದರು. ಒಲೆಯದೊಂದು, ಮೀಸಲಿನವೆರಡು, ಮೂರೂ ಇರಿಡಿಯಮ್ ಸಲಾಕೆಗಳು ಬಟ್ಟೆಯಲ್ಲಿ ಸುತ್ತಿಕೊಂಡು ತಣ್ಣಗೆ ಮಲಗಿದ್ದವು. ಅವರು ಪೆಟ್ಟಿಗೆ ನೋಡಿದರು, ಗುಡುಗುಡು ಸದ್ದು ಮಾಡುತ್ತಿದ್ದ ಒಲೆ ನೋಡಿದರು, ಮತ್ತೆ ಪೆಟ್ಟಿಗೆ ನೋಡಿದರು.

“ಹಾಗಾದರೆ… ಒಳಗಿರುವುದೇನು?”

ಮೌನೇಶನಿಗೆ ಇನ್ನು ತಡೆಯಲಾಗಲಿಲ್ಲ. “ನಮ್ಮ ತುಕ್ಕು ರೀ ಸಾಹೇಬ್ರ! ನಮ್ಮ ಮಣ್ಣು, ನಮ್ಮ ಕಬ್ಬಿಣ, ನಮ್ಮ ತುಕ್ಕು! ನಲವತ್ತೊಂದು ದಿನ ಆತು, ಒಂದ ಒಂದು ತಾಸು ನಿಂತಿಲ್ಲ. ಬೇಕಂದ್ರ ಇಂಥಾವು ನೂರು ಹೊಯ್ತೀವಿ. ಆರುನೂರು ಮಂದಿ ಅಲ್ಲ, ಆರು ಸಾವಿರ ಮಂದಿ ಉಸಿರಾಡಬಹುದು!”

ಆಗ ಎದ್ದ ಕೂಗಿಗೆ ಛಾವಣಿ ಹಾರಿಹೋಗುವುದೇ ಎಂದು ಬಾಳಿಗರು ಮೇಲೆ ನೋಡಿದರು. ಮುದುಕರು ಕುಣಿದರು. ಕುಣಿದವರು ಛಾವಣಿಗೆ ತಲೆ ತಾಗಿಸಿಕೊಂಡು ಕೆಳಗಿಳಿದು ಮತ್ತೆ ಕುಣಿದರು. ಅಂಬಿಕಾ ತಾಯಿಯ ಕೊರಳಿಗೆ ಜೋತುಬಿದ್ದು, “ಅವ್ವಾ, ನನಗರ ಹೇಳಬಾರದಿತ್ತೇನ ಬೇ! ದಿನಾ ಸಾಯಾಕತ್ತಿದ್ದೆ ನಾನು,” ಎಂದು ಬೈಯುತ್ತಲೇ ಅತ್ತಳು.

ಗದ್ದಲ ಇಳಿದ ಮೇಲೆ ಬಾಳಿಗರು ಕೇಳಿದರು: “ನಾನು ನಿಗಮಕ್ಕೆ ಏನೆಂದು ವರದಿ ಮಾಡಲಿ?”

ಹುಲಿಗೆಮ್ಮ ಅಂಥ ದೊಡ್ಡ ಮಾತಾಡಬೇಕೆಂದು ಬಂದವಳಲ್ಲ. ಮಗಳು ಉಳಿದರೆ ಸಾಕಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ಎದೆ ಹಿಗ್ಗಿತ್ತು, ಮಾತು ತಾನಾಗಿ ಬಂತು. “ಹೇಳ್ರಿ, ಇಲ್ಲಿ ಯಾರು ಹುಟ್ಟಬೇಕು ಅನ್ನೂದು ಇನ್ಮ್ಯಾಲೆ ಇಲ್ಲಿಯವ್ರ ಕೈಯಾಗೈತಿ. ಹುಟ್ಟಿದವ್ರು ಹ್ಯಾಂಗ ಬದುಕಬೇಕು ಅನ್ನೂದೂ ಇಲ್ಲಿಯವ್ರ ಕೈಯಾಗೈತಿ. ತವರಿನ ಮ್ಯಾಲೆ ಸಿಟ್ಟಿಲ್ಲ. ನೆಂಟ್ರಾಗಿ ಬರ್ರಿ, ಹೋಳಿಗಿ ಮಾಡಿ ಹಾಕ್ತೀವಿ.”

ಅದೇ ಹೊಸಹಟ್ಟಿಯ ಸ್ವಾತಂತ್ರ್ಯದ ಘೋಷಣೆಯಾಯಿತು. ನಿಗಮ ಎರಡು ತಿಂಗಳು ಗುರುಗುಟ್ಟಿತು. ಬೆದರಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲವಾದ್ದರಿಂದ ಒಪ್ಪಂದಕ್ಕೆ ಸಹಿ ಹಾಕಿತು. ಅಷ್ಟರಲ್ಲಿ ಅಂಬಿಕಾ ಹೆಣ್ಣುಮಗು ಹೆತ್ತಿದ್ದಳು. ಹುಲಿಗೆಮ್ಮನನ್ನು ಊರಿನವರು ಮೊದಲ ಅಧ್ಯಕ್ಷೆಯಾಗಿ ಆರಿಸಿದರು. ಹೊಸ ಸಂವಿಧಾನದ ಮೊದಲ ಸಾಲನ್ನು ಅವಳೇ ಬರೆದಳು: ಉಸಿರಿಗೆ ಯಾರ ಅಪ್ಪಣೆಯೂ ಬೇಡ.

ಹೊಸ ಸರ್ಕಾರದ ಮೊದಲ ಸಭೆಗೆ ಕರೆಯದೆ ಬಂದವಳು ಮಹಬೂಬಿ. ಮಂಜಿನಗುಂಡಿಯಿಂದ ಬಂದಿದ್ದಳು.

ಮಂಜಿನಗುಂಡಿ ಯಾವುದು ಅಂತೀರಾ? ಇಷ್ಟು ಹೊತ್ತು ಕತೆ ನಡೆಯಿತಲ್ಲ, ಈ ಊರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರವತ್ತು ಕಿಲೋಮೀಟರ್ ಆಚೆ, ಬಿಸಿಲು ಎಂದೂ ಇಳಿಯದ ಒಂದು ಕುಳಿಯ ತಳದಲ್ಲಿ ಮಂಜುಗಡ್ಡೆಯಿದೆ. ಅದನ್ನು ಅಗೆಯಲು ಹೊಸಹಟ್ಟಿಯ ಪಂಚಾಯ್ತಿಯೇ ಹತ್ತು ವರ್ಷದ ಹಿಂದೆ ಶಹಾಬಾದಿನ ಕಲ್ಲುಗಣಿ ಕಡೆಯ ತೊಂಬತ್ತು ಜನರನ್ನು ಕರಾರಿನ ಮೇಲೆ ಕರೆಸಿಕೊಂಡಿತ್ತು. ಅಗೆದ ಮಂಜೆಲ್ಲ ಊರಿಗೆ; ಕುಡಿಯಲು, ಬೆಳೆಯಲು ಸಾಕು, ಒಡೆದು ಗಾಳಿ ಮಾಡುವಷ್ಟಿಲ್ಲ. ಅವರ ಉಸಿರು ಊರಿನಿಂದ ಸಿಲಿಂಡರಿನಲ್ಲಿ, ವಾರಕ್ಕೊಮ್ಮೆ. ಸಂವಿಧಾನ ಬರೆಯುವಾಗ ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹುಲಿಗೆಮ್ಮನಿಗೂ ಹೊಳೆದಿರಲಿಲ್ಲ.

“ನಮಗೂ ಒಂದು ತುಕ್ಕಿನ ಸಲಾಕಿ ಕೊಡ್ರಿ ಅಕ್ಕಾರ,” ಅಂದಳು ಮಹಬೂಬಿ. “ಒಲಿ ನಾವ ಕಟ್ಕೋತೀವಿ.”

ಉತ್ತರ ಕೊಟ್ಟವನು ಮೌನೇಶ. “ಯಾಕ ತಂಗಿ? ನಾವು ಗಾಳಿ ಕಳಸವಲ್ಲೆವೇನು? ಒಂದು ವಾರನಾರ ತಪ್ಪಸೀವೇನು?”

“ತಪ್ಪಸಿಲ್ಲ ಅಣ್ಣಾರ. ಆದ್ರ ನಿಮಗ ತಪ್ಪಸಾಕ ಬರತೈತಲ್ಲ?”

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಮೆಲ್ಲಗೆ ಅಂದರು: “ಅವ್ರ ಗಾಳಿ ಅವ್ರಿಗಾತಂದ್ರ ನಾಳೆ ನಮಗ ಮಂಜು ಅಗದು ಕೊಡೋರು ಯಾರು?” ಸಭೆಯಲ್ಲಿ ಹಲವರ ತಲೆ ಆಡಿತು. ಹುಲಿಗೆಮ್ಮನ ಬಾಯಲ್ಲಿ ಒಂದು ಮಾತು ಆಗಲೇ ತಯಾರಾಗಿತ್ತು: ಬರೆದು ಕೊಡಿ, ಪರಿಶೀಲಿಸೋಣ. ನಾಲಿಗೆಯ ತುದಿಗೆ ಬಂದ ಆ ಮಾತು ಅವಳನ್ನೇ ಬೆಚ್ಚಿಬೀಳಿಸಿತು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ಕುರ್ಚಿ ಬಿಟ್ಟೆದ್ದು ಒಲೆಯ ಕೊಠಡಿಗೆ ಹೋದಳು. ಹಿಂದೆ ಗದ್ದಲ ಶುರುವಾಯಿತು. ಸಭೆ ತೀರ್ಮಾನಿಸಬೇಕು, ಮತ ಹಾಕಬೇಕು ಎಂದು ಯಾರೋ ಕೂಗಿದರು. ಅವಳು ನಿಲ್ಲಲಿಲ್ಲ. ಹೊಸದಾಗಿ ಎರಕ ಹೊಯ್ದ ಎರಡು ಸಲಾಕೆಗಳನ್ನು ಅಪ್ಪಿಕೊಂಡು ತಂದು ಮಹಬೂಬಿಯ ಕೈಯಲ್ಲಿಟ್ಟಳು.

ಮಹಬೂಬಿ ಉಪಕಾರವಾಯಿತು ಎನ್ನಲಿಲ್ಲ. ಸಲಾಕೆಗಳನ್ನು ಹೆಗಲಿಗೇರಿಸಿಕೊಂಡು, ಸಭೆಯನ್ನೆಲ್ಲ ಒಮ್ಮೆ ನೋಡಿ ಕೇಳಿದಳು: “ಮುಂದಿನ ವಾರ ನೀರು ಬೇಕಾದ್ರ ಹ್ಯಾಂಗ ಮಾಡ್ತೀರಿ ಅಕ್ಕಾರ? ಹುಕುಂ ಕಳಸ್ತೀರೋ, ಕೇಳಿ ಕಳಸ್ತೀರೋ?”

ಆರುನೂರು ಜನ ಹುಲಿಗೆಮ್ಮನ ಮುಖವನ್ನೇ ನೋಡುತ್ತಿದ್ದರು.

“ನಾನ ಬಂದು ಕೇಳ್ತೀನಿ,” ಅಂದಳು ಅವಳು. “ಇಲ್ಲ ಅನ್ನೂದು ನಿನ್ನ ಕೈಯಾಗೈತಿ.”