ಸೋಮಾರಿಯ ಎದೆಬಡಿತ

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ.

"ಎಪ್ಪತ್ತೆರಡು," ಎನ್ನುತ್ತಾ ಕುದುರೆ ಡಾಕ್ಟರ್ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದರು. "ಅರವತ್ನಾಲ್ಕಕ್ಕೆ ಇಳೀಬೇಕು. ಹತ್ತು ನಿಮಿಷ ಬಿಟ್ಟು ಬರ್ತೀನಿ. ಅದೇ ಕೊನೇ ಚಾನ್ಸ್."

ಚೂಟಿಯ ಮುಖ ಸಪ್ಪಗಾಯಿತು.

ಸೋಮಾರಿ ಅವಳ ಅತ್ತೆಯ ಕುದುರೆ. ಹೆಸರಷ್ಟೇ ಸೋಮಾರಿ; ಬೆಳಗಿನಿಂದ ಅತ್ತೆಯನ್ನು ಹೊತ್ತು ನಲವತ್ತು ಕಿಲೋಮೀಟರ್ ಓಡಿತ್ತು. ಇನ್ನೂ ನಲವತ್ತು ಬಾಕಿ. ಆದರೆ ಈ ಪಂದ್ಯದಲ್ಲಿ ಓಡಿದರಷ್ಟೇ ಸಾಲದು. ನಡುವೆ ನಿಂತಾಗ ಎದೆಬಡಿತ ಇಳಿಯಬೇಕು. ಇಳಿಯದಿದ್ದರೆ ದಣಿವು ಆರಿಲ್ಲ ಎಂದರ್ಥ, ಪಂದ್ಯ ಅಲ್ಲಿಗೇ ಮುಗಿಯಿತು. ಹೋದ ವರ್ಷ ಅತ್ತೆ ಇಲ್ಲಿಂದಲೇ ಸೋಮಾರಿಯನ್ನು ಲಾರಿ ಹತ್ತಿಸಿಕೊಂಡು ಮನೆಗೆ ಬಂದಿದ್ದರು. 

"ಚೂಟಿ, ಓಡು, ನೀರು!" ಎಂದ ಅಣ್ಣ.

ಅವಳು ದೂರದ ನಲ್ಲಿಯಿಂದ ಏದುಸಿರು ಬಿಡುತ್ತಾ ಬಕೆಟ್ ಹೊತ್ತು ತಂದಳು. ಅಣ್ಣ ಕುದುರೆಯ ಕುತ್ತಿಗೆಗೆ ನೀರು ಸುರಿದ, ರಬ್ಬರ್ ಪಟ್ಟಿಯಿಂದ ಅದನ್ನು ಬಳಿದು ತೆಗೆದ, ಮತ್ತೆ ಸುರಿದ. ಬಿಸಿಯಾದ ನೀರು ಮೈಮೇಲೇ ಉಳಿದರೆ ಮೈ ಬೇಗ ತಣಿಯುವುದಿಲ್ಲ.

"ನೀನು ತಲೆ ಹಿಡ್ಕೊಳೇ," ಎಂದು ಅತ್ತೆ ಹಗ್ಗ ಕೊಟ್ಟರು. "ನಿನ್ನ ಕಂಡ್ರೆ ಅದಕ್ಕೆ ಪ್ರಾಣ."

ಚೂಟಿ ಹೆಮ್ಮೆಯಿಂದ ಹಿಡಿದುಕೊಂಡಳು. ಅಣ್ಣ ತನ್ನ ಹಳೆಯ ಸ್ಟೆತಾಸ್ಕೋಪನ್ನು ಕುದುರೆಯ ಮುಂಗಾಲಿನ ಹಿಂದೆ, ಎದೆಗೆ ಇಟ್ಟು ಎಣಿಸಿದ.

"ಅಯ್ಯೋ, ಎಪ್ಪತ್ತು! ಇವಳು ನಲ್ಲಿಗೆ ಹೋಗಿದ್ದಾಗ ಅರವತ್ತೆರಡಿತ್ತು, ಅತ್ತೆ!"

"ಸರಿಯಾಗಿ ಎಣಿಸೋ."

"ಎರಡು ಸಲ ಎಣಿಸ್ದೆ. ಜೀನು ತೆಗ್ದಿದೀವಿ, ನೆರಳಲ್ಲಿ ನಿಲ್ಸಿದೀವಿ. ಇನ್ನೇನು ಬೇಕಂತೆ ಈ ಮಹಾರಾಜರಿಗೆ?"

ಸೋಮಾರಿಯ ಕಿವಿಗಳು ನೆಟ್ಟಗೆ ನಿಂತಿದ್ದವು. ಮೂಗು ಚೂಟಿಯ ಜಾಕೆಟ್ ಜೇಬನ್ನು ಒತ್ತುತ್ತಿತ್ತು. ಒಳಗೆ ಪ್ಲಾಸ್ಟಿಕ್ ಕವರ್ ಚರಚರ ಎಂದಿತು. ಪಂದ್ಯ ಮುಗಿದ ಮೇಲೆ ಕೊಡಲೆಂದು ಅವಳು ಇಟ್ಟುಕೊಂಡಿದ್ದ ಕ್ಯಾರೆಟ್ ಅದರಲ್ಲಿತ್ತು.

ಲಾಯದಲ್ಲೂ ದಿನಾ ಸಂಜೆ ಹೀಗೆಯೇ. ಈ ಜಾಕೆಟ್ ಕಂಡರೆ ಸಾಕು, ಸೋಮಾರಿ ಬಾಗಿಲು ಒದೆಯುತ್ತಿತ್ತು. ಅದನ್ನು ಅವಳು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಚೂಟಿ ಜೇಬನ್ನು ನೋಡಿದಳು. ಕುದುರೆಯನ್ನು ನೋಡಿದಳು. ಹಗ್ಗವನ್ನು ಅತ್ತೆಯ ಕೈಗೆ ಕೊಟ್ಟಳು.

"ನೀರು ತರ್ತೀನಿ."

"ಬಕೆಟ್ ತುಂಬಿದೆಯಲ್ಲೇ, ಕಣ್ಣು ಕಾಣಲ್ವಾ?" ಎಂದ ಅಣ್ಣ.

"ಇನ್ನೊಂದು ಬೇಕಾಗುತ್ತೆ."

ಅವಳು ನಲ್ಲಿಯ ಕಡೆ ಹೋಗಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿಕೊಂಡು, ವಾಸನೆ ತಲುಪದ ಹಾಗೆ ಲಾರಿಯ ಹಿಂದೆ ಕುಳಿತಳು.

ಲಾರಿಯ ಕೆಳಗಿನಿಂದ ಸೋಮಾರಿಯ ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು. ಮೊದಲು ಅವು ಅತ್ತಿಂದಿತ್ತ ಸರಿದಾಡಿದವು. ಆಮೇಲೆ ನಿಂತವು. ಸ್ವಲ್ಪ ಹೊತ್ತಿಗೆ ಹಿಂದಿನ ಒಂದು ಕಾಲು ಸಡಿಲವಾಗಿ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿತು. ಆರಾಮಾಗಿದ್ದಾಗ ಕುದುರೆ ಹಾಗೆ ನಿಲ್ಲುತ್ತದೆ ಎಂದು ಅತ್ತೆ ಹೇಳಿದ್ದರು. ಸೋಮಾರಿ ಹಾಗೆ ನಿಂತದ್ದನ್ನು ಚೂಟಿ ಒಮ್ಮೆಯೂ ನೋಡಿರಲಿಲ್ಲ.

ಡಾಕ್ಟರ ಬೂಟುಗಳು ಬಂದು ಆ ಕಾಲುಗಳ ಪಕ್ಕದಲ್ಲಿ ನಿಂತವು. ಚೂಟಿ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಕವರ್ ಸದ್ದಾಗದಂತೆ.

"ಐವತ್ತೆಂಟು," ಎಂದರು ಡಾಕ್ಟರ್.